ಹಂಚಿದ ಮದ್ದು

“ಈ ಬಾಯನ್ನ ಎಂಗಪ್ಪ ಒರೆಸ್ಲಿ?”

ಪುಟ್ಟಮಾದಮ್ಮ ಯಾರನ್ನೂ ಕೇಳಿರಲಿಲ್ಲ. ಮನೆ ಮುಂದಿನ ಕಲ್ಲಿನ ಮೇಲೆ ಗಂಡನನ್ನು ಕೂರಿಸಿ ಇಬ್ಬರು ಹಿಂದಿನಿಂದ ತೋಳು ಹಿಡಿದಿದ್ದರು. ನೀರು ಹಾಕಿ ಆಗಿತ್ತು. ಒದ್ದೆ ಬಟ್ಟೆ ಹಿಡಿದ ಅವಳ ಕೈ ಮಂಟೇಸ್ವಾಮಿಯವರ ತುಟಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಬಾಯೊಳಗಿನ ಕ್ಯಾನ್ಸರಿಗೆಂದು ಆಸ್ಪತ್ರೆಯಲ್ಲಿ ಮೂವತ್ತೈದು ದಿನ ರೇಡಿಯೇಷನ್ನಿನ ಕರೆಂಟು ಇಟ್ಟಿದ್ದರು. ಗಡ್ಡೆ ಕರಗಲಿಲ್ಲ. ಎಂಜಲು ಬತ್ತಿತು, ತುಟಿ ಸೀಳಿತು, ಕೊನೆಯ ಎರಡು ತಿಂಗಳು ಮಾತೂ ಹೋಯಿತು.

“ಒರೆಸು ಕಣವ್ವ, ಇನ್ನು ನೋಯಕ್ಕಿಲ್ಲ,” ಎಂದಳು ಪಕ್ಕದ ಮನೆಯ ಮಾದೇವಮ್ಮ. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, “ಇಲಿ ಮೇಷ್ಟ್ರು ಓಗ್ಬುಟ್ರಲ್ಲ! ನಮ್ಮನೇಲಿ ಇಲಿ ಪಾಷಾಣ ಇಟ್ರೆ ಬಂದು ಜಗಳ ಆಡೋರು. ಅಕ್ಕಿ ಮೂಟೆ ಎಲ್ಲಾ ತೂತು ಮಾಡಾಕ್ದೊ, ಆದ್ರೂ ಬುಡ್ಲಿಲ್ಲ ಪುಣ್ಯಾತ್ಮ,” ಎಂದಾಗ ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಅಳುತ್ತಲೇ ನಕ್ಕರು.

ಅಶೋಕಪುರಂನ ಆ ಬೀದಿಯಲ್ಲಿ ಮಂಟೇಸ್ವಾಮಿಯವರಿಗೆ ಅದೇ ಹೆಸರು. ಲ್ಯಾಬಿನಲ್ಲಿ ಬಿಳಿ ಇಲಿಗಳ ಚಾಕರಿ ಮಾಡಿ ರಿಟೈರಾದವರು.

ಶಾಮಿಯಾನದ ಕೆಳಗೆ ಚಿಕ್ಕಬಸವಯ್ಯ ತಂಬೂರಿ ಮೀಟಿ ಪದ ಹಿಡಿದ. ಇಂಥ ಪದಗಳನ್ನು ಪುಟ್ಟಮಾದಮ್ಮ ಅಪ್ಪನ ತೊಡೆಯ ಮೇಲೆ ಮಲಗಿ ಕೇಳಿದವಳು. ತಪ್ಪು ಮಾಡಿದ ಶಿಷ್ಯ ಗುರುವಿನ ಮುಂದೆ ಬಂದು ನಿಲ್ಲುತ್ತಾನೆ, ಗುರು ಬೈಯುತ್ತಾನೆ, ಕಾಡುತ್ತಾನೆ, ಕೊನೆಗೆ ಬಾಚಿ ತಬ್ಬಿಕೊಳ್ಳುತ್ತಾನೆ. ಪದದಲ್ಲಿ ಯಾವತ್ತೂ ಹಾಗೇ.

“ಅತ್ತಿಗೆ, ಮೂರು ಗಂಟೆಗೆ ಎತ್ಬೇಕು,” ಎಂದ ಮೈದುನ ಸಿದ್ದು. “ಇನ್ಯಾರು ಬರೋದವ್ರೆ?”

“ಷಡಕ್ಷರಿ ಸಾರು ಬರ್ಬೇಕು.”

“ಲ್ಯಾಬಿನ ಸೈಂಟಿಸ್ಟಾ? ಎಪ್ಪತ್ತಾಗದೆ ಅವ್ರಿಗೆ. ಈ ಬಿಸಿಲಲ್ಲಿ ಕೃಷ್ಣಮೂರ್ತಿಪುರಂ ಬುಟ್ಟು ಎಲ್ಲಿ ಬತ್ತಾರೆ?”

“ಫೋನ್ ಮಾಡಿವ್ನಿ, ಬತ್ತೀನಿ ಅಂದವ್ರೆ. ಅವ್ರು ಬರೋಗಂಟ ಮಣ್ಣು ಮುಚ್ಚೋ ಹಂಗಿಲ್ಲ.”

ಮಗಳು ನಯನಾ ಅವಳನ್ನು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿ, “ಅವ್ವ, ಹೇಳ್ಬೇಡ,” ಎಂದಳು. “ಇಷ್ಟು ವರ್ಷ ಮುಚ್ಚಿಟ್ಟಿದ್ದೀರಿ. ಮಣ್ಣು ಮಾಡೋ ದಿನ ಅಪ್ಪನ್ನ ಕಳ್ಳನ ಥರ ನಿಲ್ಲಿಸ್ತೀಯಾ?”

“ನಿಮ್ಮಪ್ಪನೇ ಬರೆದವ್ರೆ ಕಣವ್ವ.”

ಮಾತು ನಿಂತ ಮೇಲೆ ಮಂಟೇಸ್ವಾಮಿಯವರು ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಷಡಕ್ಷರಿಯವರು ಎಳನೀರು ಹಿಡಿದು ಮೂರು ಸಲ ಆಸ್ಪತ್ರೆಗೆ ಬಂದರು. ಮೂರು ಸಲವೂ ಇವರು ಸ್ಲೇಟು ಎತ್ತಿಕೊಂಡು ಎರಡಕ್ಷರ ಬರೆದು ಅಂಗೈಯಲ್ಲಿ ಒರೆಸಿ, ಗೋಡೆ ಕಡೆ ತಿರುಗಿ ಮಲಗಿದರು. ಹೋದ ಭಾನುವಾರ ಮಾತ್ರ ಹೆಂಡತಿಗಾಗಿ ಪೂರ್ತಿ ಬರೆದರು: ಸಾರ್‌ಗೆ ಹೇಳು. ಕೇಳಿದ ಮೇಲೆ ಅವರ ಕೈಲಿ ಒಂದು ಹಿಡಿ ಮಣ್ಣು ಹಾಕಿಸು.

ಅವರ ಜನರಲ್ಲಿ ಅದೊಂದು ನಡೆ. ಮನಸ್ತಾಪ ಇದ್ದವನು ಗುಂಡಿಯ ಹತ್ತಿರ ಬಂದು ಹಿಡಿ ಮಣ್ಣು ಹಾಕಿದನೆಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಹೋದವನು ಹಗುರಾಗಿ ಮಲಗುತ್ತಾನೆ.

*

ಹದಿನೆಂಟು ವರ್ಷದ ಹಿಂದಿನ ಮಾತು. ಒಂದು ಬಳ್ಳಿಯ ಬೇರಿನಿಂದ ಷಡಕ್ಷರಿಯವರು ಮದ್ದು ತೆಗೆದಿದ್ದರು. ಕರೆಂಟು ಕೊಡುವ ಮುಂಚೆ ಅದನ್ನು ಕುಡಿಸಿದರೆ ಒಳಗಿನ ಕರುಳು, ಮೂಳೆಯ ಮಜ್ಜೆ ಸುಡದೆ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಎರಡು ಸಲ ಇಲಿಗಳ ಮೇಲೆ ನೋಡಿ ಗುಣ ಕಂಡಿದ್ದರು. ಮೂರನೆಯದು ದೊಡ್ಡದು: ಎಂಟು ಪಂಜರ. ನಾಲ್ಕಕ್ಕೆ ಹದಿನೈದು ದಿನ ಮದ್ದು ಬೆರೆಸಿದ ನೀರು, ನಾಲ್ಕಕ್ಕೆ ಬರಿ ನೀರು, ಆಮೇಲೆ ಎಲ್ಲಕ್ಕೂ ಒಂದೇ ಏಟು ಕರೆಂಟು.

“ಇದು ಗೆದ್ದರೆ ಮುಂದೆ ಮನುಷ್ಯರಿಗೆ, ಮಂಟೇಸ್ವಾಮಿ,” ಎಂದಿದ್ದರಂತೆ. ದಿನದ ಮದ್ದನ್ನು ಅಳೆದು ಇವರ ಕೈಗೇ ಕೊಡುತ್ತಿದ್ದರು. ಬೇರೆಯವರ ಮೇಲೆ ಅಷ್ಟು ನಂಬಿಕೆಯಿರಲಿಲ್ಲ.

ಹಿಂದಿನ ಎರಡು ಸಲ ಬರಿ ನೀರಿನ ಇಲಿಗಳು ಸಾಯುವುದನ್ನು ಮಂಟೇಸ್ವಾಮಿಯವರು ನೋಡಿದ್ದರು. ಕೂದಲು ಉದುರಿ, ಒಂದರ ಮೈಗೆ ಒಂದು ಒತ್ತಿಕೊಂಡು, ಮೂಲೆಯಲ್ಲಿ ಗುಪ್ಪೆಯಾಗಿ. ಆ ವಾರಗಳಲ್ಲಿ ಮನೆಗೆ ಬಂದು ಊಟ ಮುಟ್ಟುತ್ತಿರಲಿಲ್ಲ. ಮೂರನೆಯ ಸಲ ಚೆನ್ನಾಗಿ ಉಂಡರು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪದ ಹೇಳಿದರು. ಪುಟ್ಟಮಾದಮ್ಮನಿಗೆ ಸೋಜಿಗ. ತಿಂಗಳಾದ ಮೇಲೆ ಒಂದು ಸಂಜೆ ಬಂದು ಜಗಲಿಯ ಮೇಲೆ ಕುಸಿದು ಕೂತರು.

“ಎಲ್ಲಾ ಸತ್ತೋದೊ ಕಣಮ್ಮಿ. ಎಂಟು ಪಂಜರದವೂ.”

“ಮದ್ದು ಕುಡಿದಿದ್ದವೂ?”

“ಎಲ್ಲಾ ಕುಡಿದಿದ್ದೊ. ನಾಲ್ಕಕ್ಕೆ ಅಂತ ಕೊಟ್ಟಿದ್ದನ್ನ ಎಂಟಕ್ಕೂ ಸಮನಾಗಿ ಹಂಚ್ಬುಟ್ಟಿದ್ದೆ.”

ಅವಳು ಬೈಯಲು ಬಾಯಿ ತೆರೆದಳು. ಅವರೇ ಮುಂದುವರಿಸಿದರು. ಎಂಟು ವರ್ಷದವರಿದ್ದಾಗ ಊರಿನ ದೊಡ್ಡ ಮನೆಯ ಮದುವೆಯಲ್ಲಿ ಇವರ ಕೇರಿಯವರನ್ನು ಬೇಲಿಯಾಚೆ ಸಾಲಾಗಿ ಕೂರಿಸಿ ಎಲೆ ಹಾಕಿದ್ದರು. ಬಡಿಸುವವರು ಅರ್ಧ ಸಾಲಿಗೆ ಬಂದು ಹಿಂದಿರುಗಿದರು. ಉಳಿದವರು ಹೊತ್ತು ಇಳಿಯುವವರೆಗೂ ಖಾಲಿ ಎಲೆ ಕಾಯ್ದರು.

“ಎಲೆ ಹಾಕಿ ಕೂರಿಸ್ಬುಟ್ಟು ಬಡಿಸ್ದೆ ಓಗ್ಬಾರ್ದು ಕಣಮ್ಮಿ. ನನ್ ಕೈಲಿ ಆಗ್ಲಿಲ್ಲ.”

“ಸಾರ್‌ಗೆ ಹೇಳಿ.”

“ನಾಳೆ ಹೇಳ್ತೀನಿ.”

ಷಡಕ್ಷರಿಯವರು ಸತ್ತ ಇಲಿಗಳನ್ನು ಮತ್ತೆ ಮತ್ತೆ ಎಣಿಸಿದರು. ಮದ್ದಿನಲ್ಲಿ ಗುಣವಿಲ್ಲ, ಹಿಂದೆ ಬರೆದದ್ದೂ ತಪ್ಪು ಎಂದು ತಾವೇ ಕೈಯಾರೆ ಬರೆದು ಕಳಿಸಿದರು. ಆ ಕೆಲಸ ಮುಚ್ಚಿತು. ಮಂಟೇಸ್ವಾಮಿಯವರ ನಾಳೆ ಬರಲೇ ಇಲ್ಲ.

*

ಸ್ಮಶಾನದ ಗೇಟಿನಲ್ಲಿ ಆಟೋ ನಿಂತಾಗ ದೇಹವನ್ನು ಗುಂಡಿಗೆ ಇಳಿಸಿ ಆಗಿತ್ತು. ಷಡಕ್ಷರಿಯವರು ಸುಗಂಧರಾಜದ ಹಾರವನ್ನು ಎದೆಗವಚಿಕೊಂಡು ನಿಧಾನವಾಗಿ ಬಂದರು. ಹಾರವನ್ನು ಕೆಳಗಿಳಿಸಲು ಸಿದ್ದುವಿನ ಕೈಗೆ ಕೊಟ್ಟರು.

“ಎಲ್ಲರೂ ಇಲೀನ ಬಾಲ ಹಿಡಿದು ಎತ್ತೋರು,” ಎಂದರು ಅಲ್ಲಿದ್ದವರಿಗೆ. “ಇವರೊಬ್ಬರು ಅಂಗೈಲಿ ಎತ್ತೋರು. ಅಂಥ ಮನುಷ್ಯ.”

ನಯನಾ ತಾಯಿಯ ಸೆರಗು ಜಗ್ಗಿದಳು. ಪುಟ್ಟಮಾದಮ್ಮ ಬಿಡಿಸಿಕೊಂಡಳು.

“ಸಾರ್, ನಿಮ್ ಮದ್ದು ಸುಳ್ಳಾಗ್ಲಿಲ್ಲ. ಆ ಎಂಟು ಪಂಜರಕ್ಕೂ ಇವ್ರು ಹಂಚ್ಬುಟ್ಟಿದ್ರು.”

ಅವರಿಗೆ ತಿಳಿಯಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು, ಮದುವೆಯ ಮನೆಯ ಎಲೆಯ ಮಾತನ್ನೂ ಸೇರಿಸಿ. ಷಡಕ್ಷರಿಯವರು ಹೊಂಗೆಮರಕ್ಕೆ ಕೈ ಆನಿಸಿ ನಿಂತರು.

“ಎಷ್ಟು ದಿನ?”

“ಹದಿನೈದು ದಿನವೂ ಸಾರ್.”

“ಸಮನಾಗಿ?”

“ಅಳೆದು ಸಾರ್.”

“ಅರ್ಧರ್ಧ. ಯಾವುದಕ್ಕೂ ಸಾಲದು,” ಎಂದರು, ತಮಗೆ ತಾವೇ. ಆಮೇಲೆ ಅವಳ ಕಡೆ ತಿರುಗಿ, “ಕರೆಂಟಿನ ರೂಮಿನ ಮುಂದೆ ಬೆಂಚಲ್ಲಿ ಜನ ಕೂತಿರ್ತಿದ್ರಲ್ಲ ಪುಟ್ಟಮಾದಮ್ಮ, ನಿಮ್ಮ ಯಜಮಾನರ ಪಕ್ಕದಲ್ಲಿ. ಅವರದು ಯಾವ ಪಂಕ್ತಿ? ಅವರ ಎಲೆಗೆ ಯಾರು ಬಡಿಸಿದರು?” ಎಂದರು.

ಅವಳಿಗೆ ಆ ಬೆಂಚು ಕಂಡಿತು. ದಿನಾ ಬೆಳಿಗ್ಗೆ ಕುತ್ತಿಗೆಗೆ ಟವಲು ಸುತ್ತಿಕೊಂಡು ಸಾಲಾಗಿ ಕಾಯುವವರು.

“ಆ ಮದ್ದು ಇವ್ರ್ನೂ ಉಳಿಸ್ತಿತ್ತಾ ಸಾರ್?”

“ಗೊತ್ತಿಲ್ಲ. ಗೊತ್ತಾಗದ ಹಾಗೆ ಆಗೋಯ್ತು ನೋಡಿ.”

“ಅತ್ತಿಗೆ, ಎಲ್ಲಾರ್ದೂ ಆಯ್ತು,” ಸಿದ್ದು ಕೂಗಿದ. ಗುದ್ದಲಿ ಹಿಡಿದವರು ಕಾಯುತ್ತಿದ್ದರು. ಚಿಕ್ಕಬಸವಯ್ಯ ತಂಬೂರಿಯನ್ನು ಹೆಗಲಿಗೆ ಒರಗಿಸಿಕೊಂಡ.

ಪುಟ್ಟಮಾದಮ್ಮ ಬಾಗಿ ಒಂದು ಹಿಡಿ ಮಣ್ಣು ಎತ್ತಿದಳು. ಕಲ್ಲು ಆರಿಸಿ, ಬೆರಳಲ್ಲಿ ಹುಡಿ ಮಾಡಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

“ಹಾಕ್ಬುಡಿ ಸಾರ್. ಕೊನೇಲಿ ಅವ್ರು ಕೇಳಿದ್ದು ಇಷ್ಟೆ.”

ಷಡಕ್ಷರಿಯವರು ಮಣ್ಣನ್ನು ನೋಡಿದರು, ಗುಂಡಿಯ ಕಡೆ ನೋಡಿದರು. ಕಣ್ಣಿನಿಂದ ನೀರು ಇಳಿದು ಕನ್ನಡಕದ ಕೆಳಗೆ ನಿಂತಿತು. ಅದನ್ನು ಒರೆಸಿಕೊಳ್ಳುವುದಕ್ಕೂ ಕೈ ಎತ್ತಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

“ಇಲ್ಲ ಪುಟ್ಟಮಾದಮ್ಮ,” ಎಂದರು. “ನಾನು ಹಾಕಲ್ಲ.”