ಯಾರೂ ಕುಡಿಯದ ಪಾತ್ರೆ

ಅವ್ವನನ್ನು ತೋಟದಲ್ಲಿ ಮಣ್ಣು ಮಾಡಿ ಬಂದು, ಬಾವಿಯ ಬಳಿ ತಲೆಗೆ ನೀರು ಸುರಿದುಕೊಂಡು, ದೀಪ ನೋಡಲು ಒದ್ದೆ ಪಂಚೆಯಲ್ಲೇ ಮನೆಯೊಳಗೆ ಬಂದ ಕಾರ್ತಿಕೇಯನ್ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟ. ಅವ್ವ ರಾಮಾತಾಳ್ ಎರಡು ತಿಂಗಳಿಂದ ಮಲಗಿದ್ದ ಮಂಚವನ್ನು ಯಾರೋ ಹೊರಗೆ ಹಾಕಿದ್ದರು. ಆ ಜಾಗದಲ್ಲಿ ಒಂದು ಹಿಡಿ ಭತ್ತ ಹರವಿ ಅದರ ಮೇಲೆ ದೀಪ ಹಚ್ಚಿಟ್ಟಿದ್ದರು. ದೀಪದ ಪಕ್ಕದಲ್ಲಿ ಅವನ ಇಟಲಿಯ ಗಾಜಿನ ಹೂಜಿ ಇತ್ತು. ಅದರ ಕುತ್ತಿಗೆಯವರೆಗೆ ನೀರು ತುಂಬಿತ್ತು.

ಇಟ್ಟವಳು ಅಕ್ಕ ನಾಚಿಯಮ್ಮ. ಸಿರುಮುಗೈಗೆ ಮದುವೆಯಾಗಿ ಹೋಗಿ ನಲವತ್ತು ವರ್ಷವಾಗಿದ್ದರೂ ತವರಿನ ಪದ್ಧತಿಗಳೆಲ್ಲ ಅವಳ ನಾಲಗೆಯ ತುದಿಯಲ್ಲೇ ಇದ್ದವು. ಸತ್ತವರು ಹನ್ನೊಂದು ದಿನ ಮನೆಯಲ್ಲೇ ಇರುತ್ತಾರೆ, ಅವರಿಗೆ ದಾಹವಾಗುತ್ತದೆ, ದೀಪದ ಬಳಿ ನೀರಿಡಬೇಕು ಎಂಬುದು ಆ ಮನೆತನದ ನಂಬಿಕೆ. ಆ ನೀರನ್ನು ಬದುಕಿರುವವರು ಯಾರೂ ಕುಡಿಯದ ಪಾತ್ರೆಯಲ್ಲೇ ಇಡಬೇಕು. ಹಿಂದೆ ಅದಕ್ಕೆಂದೇ ಕುಂಬಾರನ ಮನೆಯಿಂದ ಹೊಸ ಮಡಕೆ ಬರುತ್ತಿತ್ತು. ಈಗ ಪಲ್ಲಡಂ ಸುತ್ತ ಕೋಳಿ ಫಾರಮ್ಮು ಎಷ್ಟು ಬೇಕಾದರೂ ಸಿಗುತ್ತದೆ, ಕುಂಬಾರ ಸಿಗುವುದಿಲ್ಲ.

"ಅಕ್ಕಾ, ಅದು..." ಎಂದ ಕಾರ್ತಿಕೇಯನ್.

"ಏನ್ ತಂಬಿ ಮಾಡೋದು? ಅಡುಗೆಮನೇಲಿ ಇರೋ ಎಲ್ಲಾ ಸಾಮಾನಿಗೂ ಯಾರಾದ್ರೂ ಬಾಯಿ ಇಟ್ಟೇ ಇದಾರೆ. ನಿನ್ನ ರೂಮಿನ ಕಣ್ಣಾಡಿ ಚೊಂಬುಗಳಲ್ಲಿ ಮಾತ್ರ ಯಾರೂ ಕುಡಿದಿಲ್ಲ ಅಂತ ಇಂದುಜಾನೇ ಹೇಳ್ದ್ಲು. ಬಾಗಿಲೂ ತೆಗೆದೇ ಇತ್ತು. ನೋಡೋಕೆ ಚಂದವಾಗಿದ್ದನ್ನೇ ತಂದೆ."

"ಬೇರೆ ಏನಾದ್ರೂ ಇಡೋಣ ಅಕ್ಕಾ. ಇದನ್ನ ಎತ್ತಿ..."

"ಅಯ್ಯೋ, ಇಟ್ಟಮೇಲೆ ಎತ್ತಕ್ಕೂಡದು! ಹನ್ನೊಂದನೇ ದಿನದ ಕರುಮಾದಿ ಮುಗೀಲಿ. ಆಮೇಲೆ ನಾನೇ ತೊಗೊಂಡೋಗಿ ಭವಾನಿ ಆತ್ತಿನ ಹರಿಯೋ ನೀರಲ್ಲಿ ಬಿಟ್ಟುಬಿಡ್ತೀನಿ. ಸತ್ತವರ ಪಾತ್ರೆ ತಿರುಗಿ ಮನೆಗೆ ಸೇರಕ್ಕೂಡದು."

ಕೂಡಿದ್ದ ನೆಂಟರೆಲ್ಲ ತಲೆಯಾಡಿಸಿದರು. ಅವ್ವನಿಗಿಂತ ಚೊಂಬು ಹೆಚ್ಚಾಯಿತೇ ಎಂದು ಯಾರಾದರೂ ಕೇಳಿಯಾರು ಎಂಬ ಭಯಕ್ಕೆ ಕಾರ್ತಿಕೇಯನ್ ಬಾಯಿ ಮುಚ್ಚಿಕೊಂಡ. ಹೆಂಡತಿ ಇಂದುಜಾ ಮಾತ್ರ ತಪ್ಪು ಮಾಡಿದವಳಂತೆ ಅವನ ಮುಖ ನೋಡಿ ಕಣ್ಣು ತಗ್ಗಿಸಿದಳು.

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುವವನಿಗೆ ಗಾಜಿನ ಹುಚ್ಚು ಹಿಡಿದ ಕಥೆ ಊರಿಗೆಲ್ಲ ಗೊತ್ತಿತ್ತು. ಹದಿನೆಂಟು ವರ್ಷಗಳ ಹಿಂದೆ ಮಿಲಾನಿನಿಂದ ಬಂದ ಗಿರಾಕಿಯೊಬ್ಬ ಸಣ್ಣದೊಂದು ಬಟ್ಟಲನ್ನು ಉಡುಗೊರೆ ಕೊಟ್ಟ. ಕಟ್ಟಡ ಕಟ್ಟುವ ವಾಸ್ತುಶಿಲ್ಪಿಯೊಬ್ಬ ವೆನಿಸ್ಸಿನ ಪಕ್ಕದ ಮುರಾನೊ ದ್ವೀಪದ ಗಾಜಿನ ಕುಲುಮೆಯೊಂದಕ್ಕೆ ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಬರೆದುಕೊಟ್ಟ ವಿನ್ಯಾಸ ಅದು. ಗೋಡೆ, ಕಿಟಕಿ, ಮೆಟ್ಟಿಲು ಅಂತ ಯೋಚಿಸುವವನು ಪಾತ್ರೆ ಮಾಡಿದರೆ ಹೇಗಿರುತ್ತದೋ ಹಾಗಿತ್ತು. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಆಕಾರ ಮತ್ತು ಬೆಳಕು. ಕಾರ್ತಿಕೇಯನ್ ಅದನ್ನು ಕಿಟಕಿಯ ಬಳಿ ಹಿಡಿದು ನೋಡಿದ, ಅಷ್ಟೇ, ಕೆಟ್ಟ. ಜೊತೆಯವರೆಲ್ಲ ಜರ್ಮನಿಯ ಕಾರು ತರಿಸಿದರೆ ಇವನು ಇಟಲಿಯಿಂದ ಖಾಲಿ ಪಾತ್ರೆ ತರಿಸಿದ. ನೋಡನೋಡುತ್ತಿದ್ದಂತೆ ನಲವತ್ತೊಂದು ಆದವು. ಎಲ್ಲವೂ ಅದೇ ವಾಸ್ತುಶಿಲ್ಪಿಯವು.

ಅವ್ವನ ಕೋಣೆಗೆ ಗೋಡೆ ಹಂಚಿಕೊಂಡಿದ್ದ ಕೋಣೆಯಲ್ಲಿ ಅವುಗಳಿಗೆ ಕಪಾಟು ಕಟ್ಟಿಸಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ. ಅವ್ವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸೆರಗು ತಾಗಿ ಏನಾದರೂ ಬಿದ್ದೀತು ಎಂದು ಅವನೇ ಬೇಡ ಅಂದಿದ್ದ.

ದೀಪದ ಬಳಿಯ ಹೂಜಿ ಒಂದು ಜೋಡಿಯ ಅರ್ಧ. ನಸು ಹಸಿರು ಗಾಜು, ಅದರ ಮೈಯೊಳಗೆ ರಾಗಿಕಾಳಿನಷ್ಟು ಸಣ್ಣ ಗುಳ್ಳೆಗಳು. ಹನ್ನೊಂದು ವರ್ಷ ಅವನು ಅದರ ಜೊತೆಯದನ್ನು ಹುಡುಕಿದ್ದ. ಕೊನೆಗೆ ಅದು ಅವನ ಕೈಗೆ ಬಂದದ್ದು ಅವ್ವ ಸತ್ತ ದಿನ.

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ದಿನ ಇಂದುಜಾ ಗಣಪತಿ ಬಡಾವಣೆಯಲ್ಲಿ ನೆಂಟರ ಸೀಮಂತಕ್ಕೆ ಹೋಗಿದ್ದಳು. "ಅವ್ವನ್ನ ನಾನು ನೋಡ್ಕೋತೀನಿ, ನೀನು ಹೋಗು" ಎಂದು ಕಾರ್ತಿಕೇಯನ್ ಒಳ್ಳೆಯವನಂತೆ ಮನೆಯಲ್ಲೇ ಉಳಿದದ್ದು ಪಾರ್ಸೆಲ್ ಬರುವುದಿತ್ತು ಎಂಬ ಕಾರಣಕ್ಕೆ. ಮಧ್ಯಾಹ್ನ ಪೆಟ್ಟಿಗೆ ಬಂತು. ಹತ್ತಿಯ ಕೈಗವಸು ತೊಟ್ಟು, ಪದರ ಪದರವಾಗಿ ಬಿಚ್ಚಿ, ಹೂಜಿಯನ್ನು ಎರಡೂ ಕೈಯಲ್ಲಿ ಅರ್ಧ ಎತ್ತಿದ್ದಾಗ ಗೋಡೆಯಾಚೆಯಿಂದ ಅವ್ವ ಕರೆದಳು.

"ಕಾರ್ತೀ, ನೀರು."

ಕೈ ಬಿಡುವ ಹಾಗಿರಲಿಲ್ಲ. ಒಂದು ನಿಮಿಷ ಅವ್ವಾ ಎಂದುಕೊಂಡ. ಬಾಯಲ್ಲಿ ಅಂದನೋ ಮನಸ್ಸಲ್ಲಿ ಅಂದನೋ ಈಗ ಅವನಿಗೆ ನೆನಪಿಲ್ಲ. ಅವ್ವ ಇನ್ನೆರಡು ಸಲ ಕರೆದಳು. ಮೂರನೆಯ ಸಲದ ಹೊತ್ತಿಗೆ ಅವನು ಹೂಜಿಯನ್ನು ಹೊರತೆಗೆದು ಅದರ ಜೋಡಿಯ ಪಕ್ಕ ಇಟ್ಟಾಗಿತ್ತು. ಆಗಲೇ ಹೋಗಬಹುದಿತ್ತು. ಆದರೆ ಹನ್ನೊಂದು ವರ್ಷದ ಮೇಲೆ ಸೇರಿದ ಎರಡನ್ನೂ ಸ್ವಲ್ಪ ಹೊತ್ತು ನೋಡಬೇಕೆನಿಸಿತು. ನೋಡುತ್ತ ನಿಂತ. ಕರೆ ನಿಂತಿತು, ನಿದ್ದೆ ಬಂದಿರಬೇಕು ಅಂದುಕೊಂಡ. ಮುಕ್ಕಾಲು ಗಂಟೆಯ ನಂತರ, ಬಾಗಿಲು ಹಾಗೇ ಬಿಟ್ಟು ಲೋಟ ಹಿಡಿದು ಹೋದಾಗ ಅವ್ವನ ಬಾಯಿ ತೆರೆದೇ ಇತ್ತು.

ನಿದ್ದೆಯಲ್ಲೇ ಹೋಗಿಬಿಟ್ಟಳು, ಪುಣ್ಯವಂತೆ ಎಂದು ಎಲ್ಲರೂ ಹೇಳಿದರು. ಅವನೂ ಹಾಗೆಯೇ ಹೇಳಿದ.

ಮಾರನೆಯ ಬೆಳಿಗ್ಗೆ ಹೂಜಿಯ ನೀರು ಒಂದು ಬೆರಳಿನಷ್ಟು ಇಳಿದಿತ್ತು. ಮಡಕೆಯಾಗಿದ್ದರೆ ಬಗ್ಗಿ ಇಣುಕಿದವರಿಗಷ್ಟೇ ತಿಳಿಯುತ್ತಿತ್ತು. ಗಾಜಾದ್ದರಿಂದ ಬಾಗಿಲಲ್ಲಿ ನಿಂತವರಿಗೂ ಕಂಡಿತು. ನಾಚಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕುಡೀತಾಳೆ ತಂಬಿ. ಪಾಪ, ಎಷ್ಟು ದಾಹ ಇತ್ತೋ ಏನೋ."

ಮೂರನೆಯ ದಿನ ಇನ್ನೊಂದು ಬೆರಳು. ನಾಲ್ಕನೆಯ ದಿನ ಮತ್ತೊಂದು. ಅದು ತೋಟದ ಬೋರ್‌ವೆಲ್ಲಿನ ಉಪ್ಪುನೀರು. ಅವ್ವ ಮದುವೆಯಾಗಿ ಬಂದಾಗಿನಿಂದ ಆ ತೋಟದ ನೀರನ್ನೇ ಕುಡಿದವಳೆಂದು ಅಕ್ಕ ಹಟ ಮಾಡಿ ತರಿಸಿದ್ದಳು. ನೀರು ಇಳಿದಲ್ಲೆಲ್ಲ ಗಾಜಿನ ಒಳಮೈಗೆ ಬಿಳಿಯ ಗೆರೆ ಕೂತಿತು. ಒಂದರ ಕೆಳಗೊಂದು ಮೂರು ಗೆರೆ. ಅಂಥ ಕಲೆ ಒಮ್ಮೆ ಹತ್ತಿದರೆ ಹೋಗುವುದಿಲ್ಲ, ಗಾಜಿಗೆ ಕಾಯಿಲೆ ಬಂತು ಅನ್ನುತ್ತಾರೆ ತಿಳಿದವರು. ಮೊದಲ ದಿನ ಅವನ ಎದೆ ಉರಿದದ್ದು ಗಾಜಿನ ಸಂಕಟಕ್ಕೆ. ನಾಲ್ಕನೆಯ ದಿನದ ಉರಿ ಬೇರೆ.

ಆವಿಯಾಗುತ್ತಿದೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಮಾಸಿ ತಿಂಗಳ ಬಿಸಿಲು, ತಲೆಯ ಮೇಲೆ ಫ್ಯಾನು. ಬಟ್ಟೆ ಒಣಗಿಸಿಯೇ ಬದುಕಿದವನಿಗೆ ಇದೇನು ಹೊಸದೇ? ಸಾಬೀತು ಮಾಡಿಬಿಡೋಣ ಅಂದುಕೊಂಡ. ಗಾಜಿನ ಕೋಣೆಗೆ ಹೋಗಿ ಜೋಡಿಯ ಎರಡನೆಯ ಹೂಜಿಗೆ, ಹೊಸದಾಗಿ ಬಂದದ್ದಕ್ಕೆ, ಅದೇ ಬೋರ್‌ವೆಲ್ ನೀರನ್ನು ಅದೇ ಮಟ್ಟಕ್ಕೆ ತುಂಬಿ ಮೇಜಿನ ಮೇಲಿಟ್ಟ. ಫ್ಯಾನನ್ನು ಅಷ್ಟೇ ವೇಗದಲ್ಲಿ ತಿರುಗಿಸಿದ. ಕಿಟಕಿಯನ್ನೂ ಅಷ್ಟೇ ತೆರೆದು ಬಾಗಿಲಿಗೆ ಬೀಗ ಹಾಕಿದ.

ಐದು, ಆರು, ಏಳನೆಯ ದಿನಗಳಲ್ಲಿ ಅವ್ವನ ಕೋಣೆಯ ನೀರು ದಿನಕ್ಕೊಂದು ಬೆರಳು ಇಳಿಯುತ್ತಲೇ ಹೋಯಿತು. ಗಾಜಿನ ಕೋಣೆಯಲ್ಲಿ ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಆವಿಯಾಗಿಯಾದರೂ ಸ್ವಲ್ಪ ಇಳಿಯಬೇಕಿತ್ತಲ್ಲ! ಅವನು ಹೂಜಿಗೆ ದಾರ ಕಟ್ಟಿ ಗುರುತು ಮಾಡಿದ. ಬಗ್ಗಿ ನೋಡಿದ, ಕನ್ನಡಕ ಹಾಕಿ ನೋಡಿದ. ನೀರು ದಾರಕ್ಕೆ ಸರಿಯಾಗಿ ನಿಂತಿತ್ತು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ. ಇಂದುಜಾ ನೀರಿನ ಲೋಟ ಮುಂದಿಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದ.

"ಏನುಂಗ, ಒಂದ್ಸಲ ಡಾಕ್ಟರ್ ಹತ್ರ ಹೋಗ್ಬಂದ್ಬಿಡೋಣ್ವಾ?" ಎಂದಳು ಅವಳು.

"ಬೇಡ ಬೇಡ. ಕರುಮಾದಿ ಮುಗೀಲಿ."

ಎಂಟನೆಯ ದಿನ ನಾಚಿಯಮ್ಮ ಅಂಗಳಕ್ಕೆ ಓಡಿ ಬಂದು ಅವನ ತೋಳು ಹಿಡಿದುಕೊಂಡಳು. ಏಳು ದಿನದಿಂದ ಬಾಡಿದ್ದ ಮುಖ ಅರಳಿತ್ತು.

"ಇವತ್ತು ಇಳಿದಿಲ್ಲ ತಂಬಿ! ನೆನ್ನೆ ಇದ್ದ ಹಾಗೇ ಅದೆ. ಅವ್ವಂಗೆ ದಾಹ ತೀರ್ತು. ನಮ್ಮನ್ನ ಬಿಟ್ಟು ನೆಮ್ಮದಿಯಾಗಿ ಹೋಗ್ಬಿಟ್ಲು."

ಕಾರ್ತಿಕೇಯನ್ ಹೋಗಿ ನೋಡಿದ. ನಿಜವೇ, ನೀರು ಕೊನೆಯ ಗೆರೆಯ ಮೇಲೇ ನಿಂತಿತ್ತು. ಮಂಡಿಯೂರಿ ಅಲ್ಲೇ ಅತ್ತುಬಿಟ್ಟ. ಬದುಕಿದೆ ಅನ್ನಿಸಿತು. ಅವ್ವ ಕುಡಿದಳು, ಸಾಕಾಯಿತು, ಹೋದಳು. ಅವಳು ಕ್ಷಮಿಸಿದ್ದರಿಂದಲೇ ಹೋದಳು. ಆ ಹಗುರದಲ್ಲಿ, ಎರಡನೆಯ ಹೂಜಿಯ ನೀರನ್ನೂ ಚೆಲ್ಲಿ ಒರೆಸಿಟ್ಟುಬಿಡೋಣ, ಈ ಹುಚ್ಚಾಟ ಸಾಕು ಎಂದು ಎದ್ದು ಗಾಜಿನ ಕೋಣೆಯ ಬೀಗ ತೆಗೆದ.

ದಾರ ಇದ್ದಲ್ಲೇ ಇತ್ತು. ನೀರು ದಾರಕ್ಕಿಂತ ಎರಡು ಬೆರಳು ಕೆಳಗಿತ್ತು.

ನಟ್ಟ ನಡು ಹಗಲು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬಿದ್ದಿತ್ತು. ಬೀಗದ ಕೈ ಅವನ ಉಡಿದಾರ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮೇಜಿನ ಕೆಳಗೆ ಕಪ್ಪು ನೆಲದ ಮೇಲೆ ಬಿಳಿಯ ಚುಕ್ಕೆಗಳು ಕಂಡವು. ನಾಲ್ಕೈದು ಹನಿ ಬಿದ್ದು ಒಣಗಿದ ಉಪ್ಪಿನ ಕಲೆ. ಅವ್ವ ಯಾವ ಪಾತ್ರೆಗೂ ತುಟಿ ಹಚ್ಚಿದವಳಲ್ಲ, ಕತ್ತೆತ್ತಿ ಮೇಲಿನಿಂದಲೇ ಸುರಿದುಕೊಳ್ಳುತ್ತಿದ್ದಳು. ಇತ್ತೀಚೆಗೆ ಬೆನ್ನು ಬಾಗಿ, ಕೈ ನಡುಗಿ ಕೊರಳ ಮೇಲೆಲ್ಲ ಚೆಲ್ಲಿಕೊಳ್ಳುತ್ತಿದ್ದಳು.

ಅವನು ಓಡಲಿಲ್ಲ. ಗೋಡೆಯಾಚೆ ಅಕ್ಕ ಯಾರಿಗೋ ಫೋನಿನಲ್ಲಿ, "ಆಮಾ, ದಾಹ ತೀರ್ಕೊಂಡು ಹೋದ್ಲು ನಮ್ಮವ್ವ" ಎಂದು ಸಂತೋಷದಿಂದ ಹೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು. ಈ ಗೋಡೆ ಎಷ್ಟು ತೆಳ್ಳಗಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಈ ಕೋಣೆಯಲ್ಲಿ ಅವನಿದ್ದಾನೆ, ಅವನಿಗೆ ಕೇಳಿಸುತ್ತಿದೆ ಎಂದು ಗೊತ್ತಿದ್ದೇ ಮೂರು ಸಲ ಕರೆದಿದ್ದಳು.

ಹಿತ್ತಲಿಗೆ ಹೋಗಿ ಬಕೆಟ್ ತುಂಬ ನೀರು ಹಿಡಿದು ತಂದ. ಮೊದಲು ಮೇಜಿನ ಮೇಲಿನ ಹೂಜಿಗೆ ದಾರದವರೆಗೆ ಸುರಿದ. ಆಮೇಲೆ ಕಪಾಟಿನ ಗಾಜಿನ ಬಾಗಿಲುಗಳನ್ನೆಲ್ಲ ತೆರೆದ. ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದಾಗಿ ತುಂಬಿಸುತ್ತ ಬಂದ. ಬಿಳಿ ದಾರ ಹೆಣೆದಂತಿದ್ದ ಹೂದಾನಿಗೆ, ಮೈಮೇಲೆ ಸುತ್ತಿಗೆಯ ಪೆಟ್ಟಿನ ಗುರುತಿದ್ದ ಕಂದು ಬೋಗುಣಿಗೆ, ಮುಟ್ಟಲು ತಾನೇ ಹೆದರುತ್ತಿದ್ದ ಕೆಂಪು ತಟ್ಟೆಗೆ. ಲೋಟ ಗಾಜಿಗೆ ತಾಗಿ ಟಣ್ ಅನ್ನುತ್ತಿತ್ತು. ಒಂದು ಬಟ್ಟಲಿನ ಅಂಚು ಸಿಡಿದು ನೆಲಕ್ಕೆ ಬಿತ್ತು, ಅವನು ತಿರುಗಿ ನೋಡಲಿಲ್ಲ. ಮೂರು ಸಲ ಬಕೆಟ್ ತುಂಬಿ ತಂದ.

ನೆಲದ ತುಂಬ ನೀರು ಕಂಡು ಇಂದುಜಾ ಬಾಗಿಲಲ್ಲಿ ನಿಂತಳು.

"ಏನುಂಗ ಇದು? ಏನ್ ಮಾಡ್ತಿದೀರಿ?"

"ಅವ್ವ ನೀರ್ ಕೇಳ್ದ್ಲು."

"ಯಾರು?"

"ಅವ್ವ. ಅವತ್ತು ಮಧ್ಯಾಹ್ನ. ಮೂರ್ ಸಲ ಕೇಳ್ದ್ಲು, ಇಂದುಜಾ. ನಂಗೆ ಕೇಳಿಸ್ತು. ನಾನು ಹೋಗ್ಲಿಲ್ಲ."

ಇಂದುಜಾಳ ಹಿಂದೆ ನಾಚಿಯಮ್ಮ ಫೋನು ಹಿಡಿದು ಬಂದು ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಹೊಸ್ತಿಲ ಮೇಲೇ ಮೆಲ್ಲಗೆ ಕುಸಿದು ಕೂತಳು. ಇಬ್ಬರಲ್ಲಿ ಯಾರೂ ಒಳಗೆ ಕಾಲಿಡಲಿಲ್ಲ.

ಕಾರ್ತಿಕೇಯನ್ ಉಳಿದದ್ದನ್ನೂ ತುಂಬಿಸಿದ. ಪಕ್ಕದ ಶೆಡ್ಡಿನ ಪವರ್‌ಲೂಮುಗಳ ಅದುರಾಟಕ್ಕೆ ನಲವತ್ತು ಪಾತ್ರೆಗಳ ನೀರೂ ಸಣ್ಣಗೆ ಕಂಪಿಸುತ್ತಿತ್ತು. ಅವನು ಬಕೆಟ್ ಕೆಳಗಿಟ್ಟು ಒದ್ದೆ ನೆಲದ ಮೇಲೇ ಕೂತ. ಒಂದು ಗಂಟೆಗೆ ಊಟದ ಬಿಡುವಾಗಿ ಮಗ್ಗಗಳು ನಿಂತವು. ಮೇಲಿನ ಸಾಲು ನಿಶ್ಚಲವಾಯಿತು, ಆಮೇಲೆ ನಡುವಿನ ಸಾಲು, ಆಮೇಲೆ ಕೆಳಗಿನದು. ಕೆಳಗಿನ ಸಾಲಿನ ತುದಿಯಲ್ಲಿ, ಬೆನ್ನು ಬಾಗಿದವರ ಕೈಗೆ ನಿಲುಕುವಷ್ಟು ಎತ್ತರದಲ್ಲಿದ್ದ ಒಂದರಲ್ಲಿ ಮಾತ್ರ ನೀರು ಇನ್ನೂ ಅಲುಗುತ್ತಿತ್ತು.