ಹಿಂದಿನ ಚಕ್ರದ ಗಾಳಿ

ಮಗಳು ಸಲೂಹಾ ಮೂರನೇ ಸಲ ಗಡಿಯಾರ ನೋಡಿಕೊಂಡಳು. ಮಧ್ಯಾಹ್ನ ಎರಡಕ್ಕೆ ದೂಜ್ ಊರಿನಲ್ಲಿ ಅವಳ ನರ್ಸಿಂಗ್ ಪ್ರವೇಶ ಪರೀಕ್ಷೆ. ಒಂದೂಮುಕ್ಕಾಲಿಗೆ ಗೇಟು ಹಾಕುತ್ತಾರೆ. ಹೋದ ವರ್ಷ ಮೂರು ಅಂಕಕ್ಕೆ ತಪ್ಪಿತ್ತು. ವಯಸ್ಸಿನ ಮಿತಿ ಇರುವುದರಿಂದ ಇದೇ ಕೊನೆಯ ಸಲ. ಬೆಳಿಗ್ಗೆ ಬರಬೇಕಿದ್ದ ಪಿಕಪ್ ಹತ್ತಾದರೂ ಪತ್ತೆಯಿಲ್ಲ. ಉಳಿದದ್ದು ನನ್ನ ಹಳೇ ಬೈಕು, ಎಪ್ಪತ್ತು ಕಿಲೋಮೀಟರ್ ಮರುಭೂಮಿಯ ದಾರಿ.

ಮೊದಲು ಮರಳು, ಆಮೇಲೆ ಚೂಪುಗಲ್ಲಿನ ಬಯಲು. ಮರಳಿಗೆ ಗಾಳಿ ಕಮ್ಮಿ ಬೇಕು, ಇಲ್ಲದಿದ್ದರೆ ಚಕ್ರ ಹೂತುಹೋಗುತ್ತದೆ. ಕಲ್ಲಿಗೆ ಜಾಸ್ತಿ ಬೇಕು, ಇಲ್ಲದಿದ್ದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ನಡುವೆ ನಿಂತು ಪಂಪು ಹೊಡೆಯಲು ಪುರುಸೊತ್ತಿಲ್ಲ. ಮುಂದಿನ ಚಕ್ರಕ್ಕೆ ಒಂದೂಕಾಲು ಬಾರ್ ಗಾಳಿ, ಇಬ್ಬರ ಭಾರಕ್ಕೆ ಹಿಂದಿನದಕ್ಕೆ ಒಂದೂವರೆ ಎಂದು ತೀರ್ಮಾನಿಸಿದೆ.

ಚಳಿಗಾಲದಲ್ಲಿ ನಾವು ಬೈಕಿನ ಮುಂಭಾಗವನ್ನು ಗುಡಾರದೊಳಗೆ ನೂಕಿಟ್ಟು ಮಲಗುತ್ತೇವೆ. ಹೊರಗೆ ಬಿಟ್ಟರೆ ಮೇಕೆಗಳು ವೈರು ಅಗಿದುಹಾಕುತ್ತವೆ. ಹಿಂದಿನ ಚಕ್ರ ಮಾತ್ರ ಬೆಳಗಿನಿಂದ ಬಿಸಿಲಿಗೆ ಮೈಯೊಡ್ಡಿತ್ತು. ಅದಕ್ಕೆ ಹಿಡಿದ ಮಾಪಕದ ಮುಳ್ಳು ಒಂದೂಮುಕ್ಕಾಲು ತೋರಿಸಿತು. ಒಂದೂವರೆಗೆ ಇಳಿಸಲು ಉಸ್ಸೆಂದು ಗಾಳಿ ಬಿಟ್ಟೆ.

"ಅಪ್ಪಾ, ಬಿಡಬೇಡ. ಹಿಂದಿನ ಟೈರು ಬಿಸಿಯಾಗಿದೆ, ಅದಕ್ಕೇ ಜಾಸ್ತಿ ತೋರಿಸ್ತಿದೆ. ದಾರೀಲಿ ಚಳಿಗಾಳಿಗೆ ಆರಿದ್ಮೇಲೆ ಇಳಿದುಹೋಗುತ್ತೆ."

"ನೀನು ಹುಟ್ಟೋಕೆ ಮುಂಚೆಯಿಂದ ಗಾಳಿ ಬಿಡ್ತಿದ್ದೀನಿ. ಹತ್ತು, ಬಾಯಿ ಮುಚ್ಚು."

ಅವಳು ಹಿಂದೆ ಹತ್ತಿ ಕೂತಳು.

ಮರಳನ್ನು ಸಲೀಸಾಗಿ ದಾಟಿದೆವು. ನಾನು ಒಳಗೊಳಗೇ ಬೀಗುತ್ತಿದ್ದೆ. ಕಲ್ಲುಬಯಲಿಗೆ ಬಂದು ಅರ್ಧ ಗಂಟೆಯಾಗಿತ್ತು, ಹಿಂದಿನ ಚಕ್ರ ಧಡ್ ಎಂದು ಕಲ್ಲಿಗೆ ಬಡಿದು ಬೈಕು ಬಾಲ ಬೀಸತೊಡಗಿತು. ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು. ಇದ್ದ ಎರಡು ಪ್ಯಾಚನ್ನೂ ಹಚ್ಚಿದೆ. ಅವಸರಕ್ಕೆ ಎರಡನೆಯದು ಸೊಟ್ಟಗೆ ಕೂತಿತು. ಪಂಪು ಹೊಡೆದೆ, ಇಬ್ಬರೂ ಕೂತೆವು, ಒಂದು ಕಿಲೋಮೀಟರಿಗೆ ಟೈರು ಮತ್ತೆ ಚಪ್ಪಟೆ. ಗಂಟೆ ಹನ್ನೆರಡೂವರೆ ದಾಟಿತ್ತು. ಇನ್ನೂ ಇಪ್ಪತ್ತೈದು ಕಿಲೋಮೀಟರ್. ಬಿಸಿ ಟೈರಿನ ಗಾಳಿ ಬಿಟ್ಟ ತಪ್ಪು ನನ್ನದೇ ಎಂದು ಗೊತ್ತಿದ್ದೂ ಕಲ್ಲಿಗೆ ಬೈದೆ.

ಅವಳೇ ಪಂಪು ಕಸಿದುಕೊಂಡು ಹೊಡೆಯತೊಡಗಿದಳು.

"ಏನ್ ಮಾಡ್ತಿದ್ದೀಯಾ?"

"ನೀನು ಎಂಬತ್ತೈದು ಕೆಜಿ, ನಾನು ಐವತ್ತು. ಇಬ್ಬರನ್ನ ಹೊರಲ್ಲ ಇದು, ಒಬ್ಬಳನ್ನ ಹೊರುತ್ತೆ. ಟ್ಯಾಂಕಿನ ಮೇಲೆ ಮುಂದಕ್ಕೆ ಕೂತು ಹೋಗ್ತೀನಿ. ನೀರು ನೀನಿಟ್ಕೋ."

"ಹುಚ್ಚು ಹಿಡೀತಾ? ಬೈಕು ಅಂದ್ರೆ ಕತ್ತೆ ಅಂದ್ಕೊಂಡ್ಯಾ? ಬಿದ್ರೆ ಯಾರೇ ನೋಡೋರು?"

"ಕೀ ಕೊಡು, ಅಪ್ಪಾ."

ಕೊಟ್ಟೆ. ಬೇರೆ ದಾರಿಯಿರಲಿಲ್ಲ. ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಒಂದೇ ಒದೆತಕ್ಕೆ ಬೈಕು ಶುರು ಮಾಡಿ ಹೊರಟೇಬಿಟ್ಟಳು.

ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಬಿದ್ದಿರುತ್ತಾಳೆ ಎಂದು ಹೆದರಿ ಚಕ್ರದ ಜಾಡು ಹಿಡಿದು ನಡೆದೆ. ಒಂಟೆಯ ಹೆಜ್ಜೆ ನೋಡಿ ಅದು ಗಬ್ಬವೋ ಅಲ್ಲವೋ ಎಂದು ಹೇಳುವವನು ನಾನು. ಜಾಡು ಎಲ್ಲೂ ತಡವರಿಸಿರಲಿಲ್ಲ. ದೊಡ್ಡ ಕಲ್ಲಿಗೆ ಹತ್ತು ಮಾರು ಮೊದಲೇ ಮೆಲ್ಲಗೆ ತಿರುಗಿ ಬಳಸಿಹೋಗಿತ್ತು. ಒಂದು ಕಡೆ ಮೊಣಕಾಲೂರಿ ಗಾಳಿ ಹಾಕಿದ ಗುರುತು, ಮತ್ತೆ ನೇರ ಗೆರೆ. ಇದು ಇವತ್ತು ಮೊದಲ ಸಲ ಬೈಕು ಮುಟ್ಟಿದವಳ ಜಾಡಲ್ಲ. ಎಷ್ಟು ತಿಂಗಳಿಂದ, ಎಷ್ಟು ವರ್ಷದಿಂದ, ನನ್ನ ಬೈಗುಳಕ್ಕೆ ಹೆದರಿ ಕದ್ದು ಕಲಿತಿದ್ದಳೋ. ಬಯಲಿನ ನಡುವೆ ಒಬ್ಬನೇ ನಾಚಿಕೆಪಟ್ಟೆ. ಅಳುವೂ ಬಂತು.

ಉಪ್ಪಿನ ಲಾರಿಯೊಂದು ಹತ್ತಿಸಿಕೊಂಡಿತು. ಪರೀಕ್ಷೆಯ ಗೇಟು ಮುಟ್ಟಿದಾಗ ಮೂರು ಗಂಟೆ. ಬೈಕು ಗೋಡೆಗೊರಗಿ ನಿಂತಿತ್ತು, ಹಿಂದಿನ ಟೈರು ರಿಮ್ಮಿನವರೆಗೂ ಚಪ್ಪಟೆ.

ಕಾವಲುಗಾರ ನನ್ನನ್ನು ನೋಡಿ ರೇಗಿದ. "ಯಾರದಪ್ಪಾ ಈ ಡಬ್ಬಾ? ಒಂದೂ ನಲವತ್ತಕ್ಕೆ ಒಬ್ಬಳು ಹುಡುಗಿ, ಮೈಯೆಲ್ಲ ಮಣ್ಣು, ಇದನ್ನ ಇಲ್ಲಿ ಬಿಸಾಕಿ ಒಳಗೆ ಓಡಿದ್ಲು. ನಿನ್ನದಾ?"

"ಅಲ್ಲ," ಎಂದೆ. "ಅವಳದೇ."