ಜವರಮ್ಮ ಸೈಕಲ್ ಬಿಡಲಿಲ್ಲ

ಹುಲ್ಲಹಳ್ಳಿಯ ಜವರಮ್ಮ ಹದಿನೆಂಟು ವರ್ಷದಿಂದ ಸೈಕಲ್ಲಿಗೆ ಸೊಪ್ಪಿನ ಮಂಕರಿ ಕಟ್ಟಿಕೊಂಡು ದಿನಾ ನಂಜನಗೂಡಿಗೆ ಹೋಗಿ ಮಾರುವವಳು. ಈಗ ಅವಳಿಗೆ ಸೀಟಿನ ಮೇಲೆ ಕೂರುವುದೇ ಕಷ್ಟವಾಗಿತ್ತು. ಸೀಟು ಒತ್ತುವ ಜಾಗದಲ್ಲಿ, ತೊಡೆಸಂದಿಯ ಒಳಗೆ ಒಂದು ಗಂಟು. ಮೊದಲು ಹುಣಸೆಬೀಜದಷ್ಟಿತ್ತು. ಮೂರು ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಯಿತು. ಹೇಳಿಕೊಳ್ಳಲು ನಾಚಿಕೆ. ಹಲ್ಲುಕಚ್ಚಿ ತುಳಿದಳು.

ಸೊಸೆ ಕಾಲು ಎಳೆಯುತ್ತಾ ನಡೆಯುವುದನ್ನು ಅತ್ತೆ ಸಿದ್ದಲಿಂಗಮ್ಮ ನೋಡಿ ವಿಚಾರಿಸಿದಳು. ಜವರಮ್ಮ ಗಂಟಿನ ವಿಷಯ ಬಾಯಿಬಿಟ್ಟಳು.

"ಸೂಜಿ ಕಾಯ್ಸಿ ಚುಚ್ಚಿದ್ರೆ ಕೆಟ್ಟ ರಕ್ತ ಓಯ್ತದೆ, ಬಾ ಇಲ್ಲಿ."

ಗಂಡ ಸಿದ್ದಯ್ಯ ರೇಗಿದ. "ಎಂಗಸ್ರು ಸೈಕಲ್ ತುಳಿದ್ರೆ ಇನ್ನೇನಾದದು? ನಾಳಿಂದ ಅದ್ನ ಮುಟ್ಬೇಡ. ಮನೇಲಿ ಬಿದ್ದಿರು."

"ಸೂಜಿನೂ ಬ್ಯಾಡ, ಬಿದ್ದಿರದೂ ಬ್ಯಾಡ," ಎಂದಳು ಜವರಮ್ಮ. "ಇದೇನು ಅಂತ ತಿಳ್ಕಂಡೇ ಬತ್ತೀನಿ."

ಅವಳು ನೆಟ್ಟಗೆ ಆರೋಗ್ಯ ಕೇಂದ್ರಕ್ಕೆ ಹೊರಟಳು. ಗೊಣಗುತ್ತಲೇ ಸಿದ್ದಯ್ಯನೂ ಹಿಂದೆ ಹೋದ. ನರ್ಸ್ ಭಾನುಪ್ರಿಯಾ ಪರದೆ ಎಳೆದು ನೋಡಿ, ನಂಜನಗೂಡಿನ ಡಾಕ್ಟರಮ್ಮನ ಬಳಿಗೆ ಕಳಿಸಿದಳು. ಅಲ್ಲಿ ಸ್ಕ್ಯಾನ್ ಆಯಿತು. ರಿಪೋರ್ಟ್ ಹಿಡಿದು ಇಬ್ಬರೂ ಭಾನುಪ್ರಿಯಾ ಹತ್ತಿರ ಬಂದರು.

"ಕ್ಯಾನ್ಸರ್ ಏನವ್ವಾ?" ಸಿದ್ದಯ್ಯನ ದನಿ ಈಗ ಸಣ್ಣಗಾಗಿತ್ತು.

"ಅಲ್ಲ ಕಣಣ್ಣಾ. ವರ್ಷಗಟ್ಲೆ ಸೀಟು ಒಂದೇ ಕಡೆ ಒತ್ತಿ ಒತ್ತಿ ಚರ್ಮದ ಕೆಳಗಿನ ಮಾಂಸ ಗಟ್ಟಿಯಾಗೈತೆ. ಸದ್ಯ ಒತ್ತಡ ತಪ್ಪಿಸ್ಬೇಕು. ಕರಗದಿದ್ರೆ ಆಪರೇಷನ್ ಬೇಕಾ ಅಂತ ಡಾಕ್ಟ್ರು ನೋಡ್ತಾರೆ."

"ಎಂಗಸ್ರು ತುಳಿದಿದ್ಕೇ ಅಲ್ವಾ ಮತ್ತೆ?"

"ಗಂಡಸ್ರಿಗೂ ಬತ್ತದೆ. ತಪ್ಪು ಸೀಟಿಂದು. ಅಕ್ಕನ ಸೀಟು ಮುರಿದು ಅದ್ರ ಮುಂದಿನ ಮೂಗು ಮೇಲಕ್ಕೆದ್ದದೆ, ನೀವೇ ನೋಡಿ."

ಸಿದ್ದಯ್ಯ ಹೊರಗೆ ಹೋಗಿ, ಜವರಮ್ಮ ತಳ್ಳಿಕೊಂಡು ಬಂದಿದ್ದ ಸೈಕಲ್ಲಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದ. ಒಳಗಿನ ಕಬ್ಬಿಣ ಕೈಗೆ ಚುಚ್ಚಿತು.

ಡಾಕ್ಟರಮ್ಮ ಆರು ವಾರ ತುಳಿಯಬಾರದು ಎಂದಿದ್ದರು. ಜವರಮ್ಮ ತುಳಿಯಲಿಲ್ಲ. ಸೈಕಲ್ ತಳ್ಳಿಕೊಂಡು ಊರೊಳಗೇ ಸೊಪ್ಪು ಮಾರಿದಳು. ಟೀ ಅಂಗಡಿ ಮುಂದೆ ಸೈಕಲ್ಲಿನಲ್ಲಿ ಹಾಲು ಹಾಕುವ ರಘು ಕಿಸಕ್ಕನೆ ನಕ್ಕ. "ಏನ್ ಜವರಕ್ಕ, ಸೀಟು ಮುನಿಸ್ಕಂಡದಾ?"

ಜವರಮ್ಮ ಸೈಕಲ್ ನಿಲ್ಲಿಸಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಊ ಕಣ್ಲಾ, ಕೂರೋ ಜಾಗದಲ್ಲಿ ಗಂಟಾಗೈತೆ. ಕುತ್ಗೇಲಾಗಿದ್ರೆ ತೋರಿಸ್ತೀವಿ, ಕೈಯಲ್ಲಾಗಿದ್ರೆ ತೋರಿಸ್ತೀವಿ. ಇಲ್ಲಾದ್ರೆ ಸಾಯ್ಬೇಕಾ? ನಾನ್ಯಾಕ್ ನಾಚ್ಕಬೇಕು?"

ಯಾರೂ ಮತ್ತೆ ನಗಲಿಲ್ಲ. ಮಾರನೆಯ ದಿನ ರಘು ತಾನೇ ಅವಳ ಬಾಗಿಲಿಗೆ ಬಂದು, ತಲೆ ತಗ್ಗಿಸಿ ಕೇಳಿದ. "ಅಕ್ಕಾ, ಆ ನರ್ಸಮ್ಮ ಎಷ್ಟೊತ್ತಿಗೆ ಸಿಗ್ತಾರೆ? ನಂಗೂ ಒಂದ್ ವರ್ಷದಿಂದ ಅಂತದೇ ಗಂಟು ಅದೆ."

ಆರು ವಾರದಲ್ಲಿ ಜವರಮ್ಮನ ಗಂಟು ಅರ್ಧಕ್ಕಿಳಿಯಿತು, ನೋವು ಹೋಯಿತು. ಡಾಕ್ಟರಮ್ಮ ಮತ್ತೆ ಪರೀಕ್ಷಿಸಿ, ನಿಧಾನವಾಗಿ ತುಳಿಯಲು ಒಪ್ಪಿದರು. ಅಗಲವಾದ ಹೊಸ ಸೀಟು ತಂದು ಮಟ್ಟವಾಗಿ ಕೂರಿಸಿದವನು ಸಿದ್ದಯ್ಯನೇ. "ಮಧ್ಯೆ ಮಧ್ಯೆ ಇಳ್ಕಂಡು ಓಗು," ಎಂದ. ಸಿದ್ದಲಿಂಗಮ್ಮ ಮಂಕರಿ ಎತ್ತಿಕೊಟ್ಟಳು. ಜವರಮ್ಮ ನಂಜನಗೂಡಿನ ದಾರಿ ಹಿಡಿದಳು.

ಸೈಕಲ್ ತುಳಿಯುವ ಅಕ್ಕಂದಿರೇ, ಅಣ್ಣಂದಿರೇ, ಸೀಟು ಒತ್ತುವ ಜಾಗದಲ್ಲಿ ಗಂಟು, ನೋವು, ಜೋಮು ಕಂಡರೆ ಮುಚ್ಚಿಡಬೇಡಿ. ಚುಚ್ಚಬೇಡಿ, ಹಿಸುಕಬೇಡಿ, ಸುಡಬೇಡಿ. ಎಲ್ಲ ಗಂಟೂ ಸೀಟಿನದೇ ಆಗಿರುವುದಿಲ್ಲ, ಡಾಕ್ಟರೇ ನೋಡಿ ಹೇಳಬೇಕು. ಮುರಿದ ಸೀಟನ್ನು ಇವತ್ತೇ ಬದಲಿಸಿ. ಯಾರಾದರೂ ನಕ್ಕರೆ ನಗಲಿ. ನೀವು ಆಸ್ಪತ್ರೆಗೆ ಹೋಗಿ.